ಆಟದ ಮಕ್ಕಳ ಇನ್ನೊಂದು ಕೈ



ಕಿನ್ನಾಳದ ಶಾಲೆಯ ಈ ಉಪನ್ಯಾಸಕ್ಕೆ ದತ್ತಿ ಇಟ್ಟ ಮನೆತನದವರು ತಮ್ಮ ಹೆಸರು ಹೇಳಬೇಡಿ ಎಂದು ಕೇಳಿಕೊಂಡಿದ್ದಾರೆ. ಫ್ಯಾನಿನ ರೆಕ್ಕೆಯ ಮೇಲೂ ದಾನಿಯ ಹೆಸರು ಬರೆಸುವ ಕಾಲ ಇದು. ಹೆಸರು ಬೇಡವೆನ್ನುವವರು ಸಿಕ್ಕಾಗ ಅವರ ಮಾತು ಮೀರಬಾರದು. ಅವರು ಕೊಟ್ಟ ವಿಷಯ ‘ಪ್ರೌಢಶಾಲೆಯ ಕ್ರೀಡಾಪಟು: ಪ್ರೇರಣೆ, ಗುರಿ, ಆಸಕ್ತಿ’. ಮೂವತ್ತೊಂದು ವರ್ಷ ಪಿ.ಟಿ. ಮಾಸ್ತರನಾಗಿ ಕೊಪ್ಪಳ, ಕುಷ್ಟಗಿ, ಯಲಬುರ್ಗಾ ತಾಲ್ಲೂಕಿನ ಬಯಲುಗಳಲ್ಲಿ ಸೀಟಿ ಊದಿದವನಿಗೆ ಇಷ್ಟು ದೊಡ್ಡ ತಲೆಬರಹದ ಕೆಳಗೆ ನಿಂತು ಮಾತಾಡುವುದೆಂದರೆ ಸ್ವಲ್ಪ ಅಂಜಿಕೆಯೇ. ಆದರೆ ನಿನ್ನೆ ಸಂಜೆ ನಿಮ್ಮ ಊರಿನ ನಾಲ್ಕು ಹುಡುಗರು ನನ್ನ ಕೆಲಸ ಹಗುರ ಮಾಡಿದರು.

ಬಸ್ಸಿಳಿದು ಬರುತ್ತಿದ್ದೆ. ಅವರು ಗೋಡೆಗೆ ಇದ್ದಿಲಿನಿಂದ ಮೂರು ಸ್ಟಂಪು ಬರೆದು ಕ್ರಿಕೆಟ್ ಆಡುತ್ತಿದ್ದರು. ಚೆಂಡು ಉರುಳಿ ನನ್ನ ಕಾಲಿಗೆ ಬಂತು. ಎತ್ತಿಕೊಂಡು ಕೇಳಿದೆ: “ಇದು ಯಾವ ಬಾಲಪಾ?”

“ಟೆನಿಸ್ ಬಾಲ್ರಿ.”

“ಟೆನಿಸ್ ಆಡೀರೇನು ಯಾವಾಗರ?”

“ಮತ್ತೇನ್ ಆಡಾಕತ್ತೀವ್ರಿ ಸರ, ಇದನ್ನ!”

ನಗಬೇಡಿ. ಆ ಹುಡುಗ ಹೇಳಿದ್ದರಲ್ಲಿ ತಪ್ಪಿಲ್ಲ. ಉತ್ತರ ಕರ್ನಾಟಕದ ಯಾವ ಹಳ್ಳಿಗೆ ಹೋದರೂ ಕಿರಾಣಿ ಅಂಗಡಿಯಲ್ಲಿ ಟೆನಿಸ್ ಬಾಲು ಸಿಗುತ್ತದೆ. ಐವತ್ತಾರು ಗ್ರಾಮಿನಿಂದ 59.4 ಗ್ರಾಮಿನೊಳಗೆ ತೂಗಬೇಕಾದ ಆ ಚೆಂಡು ನಮ್ಮಲ್ಲಿಗೆ ಬಂತು. ಅದಕ್ಕಾಗಿ ಹುಟ್ಟಿದ ಆಟ ಮಾತ್ರ ಬರಲಿಲ್ಲ. ದೇವರಿಲ್ಲದೆ ಪಲ್ಲಕ್ಕಿಯೊಂದೇ ಊರು ಸುತ್ತಿದ ಹಾಗೆ. ಹಾಗಾಗಿ ಇವತ್ತು ಟೆನಿಸ್ ಆಡುವ ಹೈಸ್ಕೂಲು ಹುಡುಗನೊಬ್ಬನನ್ನು ಮುಂದಿಟ್ಟುಕೊಂಡು ಮಾತಾಡೋಣ ಎಂದು ನಿರ್ಧಾರ ಮಾಡಿದೆ. ಕಬಡ್ಡಿ, ಖೊಖೊ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಗೊತ್ತಿಲ್ಲದ ಆಟದ ಕಡೆಯಿಂದ ನೋಡಿದರೆ ಗೊತ್ತಿರುವ ಮಕ್ಕಳು ಬೇರೆ ರೀತಿ ಕಂಡಾರು.

ಆ ಅಂಕಣದ ಉದ್ದ ಎಪ್ಪತ್ತೆಂಟು ಅಡಿ. ಒಬ್ಬರಿಗೊಬ್ಬರು ಆಡುವಾಗ ಅಗಲ ಇಪ್ಪತ್ತೇಳು ಅಡಿ, ಇಬ್ಬಿಬ್ಬರು ಆಡುವಾಗ ಮೂವತ್ತಾರು. ನಡುವಿನ ಬಲೆ ಮಧ್ಯದಲ್ಲಿ ಸರಿಯಾಗಿ ಮೂರು ಅಡಿ ಎತ್ತರ. ಬ್ಯಾಟಿಗೆ ರ್ಯಾಕೆಟ್ ಎನ್ನುತ್ತಾರೆ. ಈಗ ಅದನ್ನು ಇಂಗಾಲದ ನಾರಿನಿಂದ ಮಾಡುತ್ತಾರೆ, ಮೊದಲು ಅದೂ ಮರದ್ದೇ. ಮರದ ಗೊಂಬೆ ಮಾಡುವ ಕಿನ್ನಾಳದವರಿಗೆ ಇದನ್ನು ಹೇಳದೆ ಮುಂದೆ ಹೋಗಲಾರೆ. 1981ರಲ್ಲಿ ಜಾನ್ ಮೆಕೆನ್ರೊ ವಿಂಬಲ್ಡನ್ ಗೆದ್ದದ್ದು ಮರದ ಬ್ಯಾಟಿನಿಂದ. ಆಮೇಲೆ ಅಲ್ಲಿ ಗಂಡಸರ ಸಿಂಗಲ್ಸನ್ನು ಮರ ಗೆದ್ದಿಲ್ಲ.

ಈ ಆಟದ ಎರಡು ಸಂಗತಿಗಳನ್ನು ನೀವು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಒಂದು, ಸಿಂಗಲ್ಸ್ ಆಡುವ ಹುಡುಗ ಅಲ್ಲಿ ಒಬ್ಬಂಟಿ. ಖೊಖೊದಲ್ಲಿ ದಣಿದರೆ ಖೋ ಕೊಟ್ಟು ಕೂತುಬಿಡಬಹುದು. ಇಲ್ಲಿ ಯಾರಿಗೂ ಖೋ ಕೊಡುವ ಹಾಗಿಲ್ಲ. ಸಣ್ಣವರ ಪಂದ್ಯಗಳಲ್ಲಿ ಬಹಳ ಸಲ ಪಂಚರೂ ಇರುವುದಿಲ್ಲ. ಎದುರಾಳಿ ಹೊಡೆದ ಚೆಂಡು ತನ್ನ ಕಡೆ ಗೆರೆಯ ಒಳಗೆ ಬಿತ್ತೋ ಹೊರಗೆ ಬಿತ್ತೋ ಎಂದು ಕೂಗಿ ಹೇಳಬೇಕಾದವನು ಆ ಹುಡುಗನೇ. ಅನುಮಾನ ಬಂದರೆ ‘ಒಳಗೆ’ ಎನ್ನಬೇಕು, ಅನುಮಾನದ ಲಾಭ ಎದುರಿನವನಿಗೆ ಹೋಗಬೇಕು. ನಿಯಮವೇ ಹಾಗಿದೆ. ಹದಿನಾಲ್ಕು ವರ್ಷದ ಹುಡುಗ, ಸೋಲು ಎದುರಿಗೆ ನಿಂತಿದೆ, ತಂದೆ ಬೇಲಿಯಾಚೆ ಮುಷ್ಟಿ ಬಿಗಿದು ನೋಡುತ್ತಿದ್ದಾನೆ, ಅಂಥ ಹೊತ್ತಿನಲ್ಲಿ ತನಗೆ ನಷ್ಟವಾಗುವ ತೀರ್ಪನ್ನು ತಾನೇ ಕೂಗಬೇಕು. ನಮ್ಮ ತಾಲ್ಲೂಕು ಪಂದ್ಯಾಟಗಳಲ್ಲಿ ಪಂಚರ ಮೇಲೆ ಏರಿ ಹೋಗುವ ದೊಡ್ಡವರನ್ನು ನೋಡಿದಾಗಲೆಲ್ಲ ನನಗೆ ಈ ನಿಯಮ ನೆನಪಾಗುತ್ತದೆ. ಆ ದೊಡ್ಡವರಲ್ಲಿ ನಾನೂ ಇದ್ದೆ ಎಂದು ಒಪ್ಪಿಕೊಳ್ಳುತ್ತೇನೆ.

ಎರಡನೆಯ ಸಂಗತಿ, ಸರ್ವ್, ಅಂದರೆ ಮೊದಲ ಹೊಡೆತ. ಪ್ರತಿ ಪಾಯಿಂಟು ಶುರುವಾಗುವುದೇ ಅದರಿಂದ. ನೋಡುವವರ ಕಣ್ಣೆಲ್ಲ ಬ್ಯಾಟು ಬೀಸುವ ಕೈಯ ಮೇಲಿರುತ್ತದೆ. ಆದರೆ ಮೊದಲು ಕೆಲಸ ಮಾಡುವುದು ಇನ್ನೊಂದು ಕೈ. ಚೆಂಡನ್ನು ಮೇಲಕ್ಕೆ ಎಸೆಯುವ, ಬ್ಯಾಟಿಲ್ಲದ ಕೈ. ಅದು ಎಸೆದ ಎಸೆತ ಗೇಣು ಆಚೀಚೆಯಾದರೆ ಬ್ಯಾಟು ಹಿಡಿದ ಕೈಗೆ ಎಷ್ಟೇ ಕಸುವಿದ್ದರೂ ಚೆಂಡು ಬಲೆಗೆ. ನನ್ನ ಇವತ್ತಿನ ಉಪನ್ಯಾಸ ಇಷ್ಟೇ: ಆಟ ಆಡುವ ಮಗುವಿನ ಆ ಇನ್ನೊಂದು ಕೈಯನ್ನು ನಾವು ಕಟ್ಟಿಹಾಕುತ್ತಿದ್ದೇವೆ. ಅಪ್ಪ-ಅವ್ವ ‘ಆಟ ಬಿಡು, ಓದು’ ಎಂದು ಒಂದು ಕೈ ಕಟ್ಟುತ್ತಾರೆ. ನಮ್ಮಂಥ ಮಾಸ್ತರರು ‘ಮಿಕ್ಕಿದ್ದೆಲ್ಲ ಬಿಡು, ಆಡು’ ಎಂದು ಇನ್ನೊಂದು ಕೈ ಕಟ್ಟುತ್ತೇವೆ. ಎರಡೂ ಒಂದೇ ತಪ್ಪು.

ನನ್ನದೇ ತಪ್ಪಿನಿಂದ ಶುರು ಮಾಡುತ್ತೇನೆ. ಊರು ಯಾವುದು ಎಂದು ಕೇಳಬೇಡಿ. ನನ್ನ ನೌಕರಿಯ ಆರನೆಯದೋ ಏಳನೆಯದೋ ವರ್ಷ. ಒಂಬತ್ತನೇ ಇಯತ್ತೆಯಲ್ಲಿ ಒಬ್ಬ ಹುಡುಗನಿದ್ದ, ನೇಕಾರರ ಮನೆಯವನು. ಶಾಲೆ ಬಿಟ್ಟ ಮೇಲೆ ಕಂಡಿಕೆ ಸುತ್ತಬೇಕು, ಸುತ್ತಿ ಮುಗಿಸಿ ಬಯಲಿಗೆ ಬರುತ್ತಿದ್ದ. ಕಬಡ್ಡಿಯಲ್ಲಿ ಅವನು ದಾಳಿಗೆ ಹೋದರೆ ‘ಕಬಡ್ಡಿ ಕಬಡ್ಡಿ’ ಎನ್ನುವ ದನಿ ಒಂದೇ ಎಳೆಯಲ್ಲಿ ಬರುತ್ತಿತ್ತು. ಉಸಿರು ಎಲ್ಲೂ ಕಡಿಯುತ್ತಿರಲಿಲ್ಲ. ಎದುರು ತಂಡದವರು ಅವನು ಉಸಿರು ಬಿಡಲೆಂದು ಕಾಯ್ದು ಕಾಯ್ದು ತಾವೇ ತಪ್ಪು ಮಾಡುತ್ತಿದ್ದರು. ತಾಲ್ಲೂಕು ಗೆದ್ದೆವು, ಜಿಲ್ಲೆ ಗೆದ್ದೆವು. ಕಲಬುರಗಿ ವಿಭಾಗದ ಪಂದ್ಯಕ್ಕೆ ಮೂರು ವಾರ ಇತ್ತು. ಆಗ ನನಗೊಂದು ಸುದ್ದಿ ಬಂತು: ಈ ಹುಡುಗ ರಾತ್ರಿ ದೊಡ್ಡಾಟದ ತಾಲೀಮಿಗೆ ಹೋಗುತ್ತಾನೆ, ಹನ್ನೊಂದು ಗಂಟೆಯತನಕ ಹಾಡುತ್ತಾನೆ.

ಕರೆಸಿ ಬೈದೆ. “ನಿದ್ದಿಗೆಟ್ಟು ಕುಣಿಯೂದು ಬಿಡು, ನಿನಗ ಆಟ ಬೇಕೋ ಬಯಲಾಟ ಬೇಕೋ” ಎಂದೆ. ಬುದ್ಧಿವಂತಿಕೆಯ ಮಾತಾಡಿದೆ ಎಂದುಕೊಂಡಿದ್ದೆ. ಹುಡುಗ ತಲೆ ತಗ್ಗಿಸಿ, “ಹೂನ್ರಿ ಸರ” ಎಂದ. ತಾಲೀಮು ಬಿಟ್ಟ. ಮೇಳದವರು ಅವನ ಪಾತ್ರವನ್ನು ಬೇರೆಯವನಿಗೆ ಕೊಟ್ಟರು.

ವಿಭಾಗದ ಪಂದ್ಯದಲ್ಲಿ ಸೋತೆವು. ಸೋಲು ಗೆಲುವು ಇದ್ದದ್ದೇ. ಆದರೆ ಸೋತು ಬಂದ ಹುಡುಗನಿಗೆ ಹೋಗಲು ಇನ್ನೊಂದು ಜಾಗವಿರಲಿಲ್ಲ. ಬಯಲಿಗೆ ಬರಲು ನಾಚಿಕೆ, ಮೇಳಕ್ಕೆ ಹೋದರೆ ಪಾತ್ರವಿಲ್ಲ. ಎರಡು ತಿಂಗಳು ಶಾಲೆಯ ಗೋಡೆಗೆ ಒರಗಿ ನಿಂತಿದ್ದ, ಆಮೇಲೆ ಶಾಲೆಗೂ ಬರಲಿಲ್ಲ. ನನಗೆ ಬೆಳಕು ಬಿದ್ದದ್ದು ಬಹಳ ತಡವಾಗಿ, ಒಂದು ಜಾತ್ರೆಯಲ್ಲಿ ದೊಡ್ಡಾಟ ನೋಡುತ್ತ ಕೂತಿದ್ದಾಗ. ಹಾಡುವವನು ಒಂದೇ ಉಸಿರಿಗೆ ಪದ ಎಳೆಯುತ್ತಿದ್ದ. ಆ ಹುಡುಗನ ಉಸಿರು ಎಲ್ಲಿಂದ ಬಂದಿತ್ತೆಂದು ಆಗ ತಿಳಿಯಿತು. ಯಾವ ಬಾವಿಯ ನೀರಿನಿಂದ ಬೆಳೆ ಬರುತ್ತಿತ್ತೋ ಅದೇ ಬಾವಿಗೆ ನಾನು ಮಣ್ಣು ಮುಚ್ಚಿದ್ದೆ. ಕೆಲವು ವರ್ಷಗಳ ಹಿಂದೆ ಗಂಗಾವತಿಯಲ್ಲಿ ಅಕ್ಕಿಮೂಟೆ ಇಳಿಸುತ್ತಿದ್ದವನು ಓಡಿ ಬಂದು ಕಾಲು ಮುಟ್ಟಿದ. ಅವನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

ಈಗ ಇದಕ್ಕೆ ತದ್ವಿರುದ್ಧವಾದ ಒಂದು ಮಾತು. ನಮ್ಮ ರಾಜ್ಯದ ಆಫ್ ಸ್ಪಿನ್ನರ್ ಎರಪಳ್ಳಿ ಪ್ರಸನ್ನ 1962ರ ಜನವರಿಯಲ್ಲಿ ಮದ್ರಾಸಿನಲ್ಲಿ ಇಂಗ್ಲೆಂಡಿನ ಎದುರು ಮೊದಲ ಟೆಸ್ಟ್ ಆಡಿದರು. ವಯಸ್ಸು ಇಪ್ಪತ್ತೊಂದು. ಅದೇ ವರ್ಷ ವೆಸ್ಟ್ ಇಂಡೀಸ್ ಪ್ರವಾಸಕ್ಕೂ ಹೋದರು. ಮೈಸೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದರು. ಬಂದು ಓದು ಮುಗಿಸುತ್ತೇನೆಂದು ತಂದೆಗೆ ಮಾತು ಕೊಟ್ಟು ಹೋದವರು, ಮಾತು ಉಳಿಸಿಕೊಂಡರು. ಸುಮಾರು ಐದು ವರ್ಷ ಟೆಸ್ಟ್ ಆಟದಿಂದ ದೂರ ಉಳಿದರು. 1967ರಲ್ಲಿ ಮರಳಿ ಬಂದವರು ಒಟ್ಟು ನಲವತ್ತೊಂಬತ್ತು ಟೆಸ್ಟ್ ಆಡಿ ನೂರ ಎಂಬತ್ತೊಂಬತ್ತು ವಿಕೆಟ್ ತೆಗೆದರು. ಇಂದಿನ ಯಾವ ಕೋಚನ್ನಾದರೂ ಕೇಳಿ, ಐದು ವರ್ಷ ಬಿಟ್ಟವನು ಮುಗಿದ ಎಂದೇ ಹೇಳುತ್ತಾನೆ. ಆಫ್ ಸ್ಪಿನ್ನಿಗೆ ಎಂಜಿನಿಯರಿಂಗ್ ಏನು ಕೊಟ್ಟಿತು ಎಂದು ಅಳೆಯಲು ನನಗೆ ಬರುವುದಿಲ್ಲ. ಆದರೆ ಬ್ಯಾಟ್ಸ್‌ಮನ್ ಎಲ್ಲಿ ಎಡವುತ್ತಾನೆ ಎಂದು ಮೂರು ಓವರ್ ಮೊದಲೇ ಲೆಕ್ಕ ಹಾಕಿ ಬಲೆ ಹೆಣೆಯುವವರು ಎಂಬ ಹೆಸರು ಅವರಿಗಿತ್ತು. ಲೆಕ್ಕ ಕಲಿತ ತಲೆಗೆ ಅದು ಹೊರೆಯಾಗಿರಲಿಕ್ಕಿಲ್ಲ.

ಅನಿಲ್ ಕುಂಬ್ಳೆ 1990ರಲ್ಲಿ ಭಾರತಕ್ಕೆ ಆಡಲು ಶುರು ಮಾಡಿದಾಗ ಬೆಂಗಳೂರಿನ ಆರ್.ವಿ. ಕಾಲೇಜಿನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ವಿದ್ಯಾರ್ಥಿ. ಆಡುತ್ತಲೇ ಓದು ಮುಗಿಸಿದರು. ಹೋದಲ್ಲೆಲ್ಲ ಕ್ಯಾಮೆರಾ ಹಿಡಿದು, ಆಟ ಬಿಟ್ಟ ಮೇಲೆ ‘ವೈಡ್ ಆ್ಯಂಗಲ್’ ಎಂಬ ಚಿತ್ರಪುಸ್ತಕವನ್ನೇ ತಂದರು. ರಾಜ್ಯ ವನ್ಯಜೀವಿ ಮಂಡಳಿಯ ಉಪಾಧ್ಯಕ್ಷರೂ ಆದರು. ಆರುನೂರ ಹತ್ತೊಂಬತ್ತು ಟೆಸ್ಟ್ ವಿಕೆಟ್ಟಿಗೆ ಆ ಕ್ಯಾಮೆರಾ ಅಡ್ಡ ಬಂದಂತೆ ಕಾಣುವುದಿಲ್ಲ.

ಇವರೆಲ್ಲ ದೊಡ್ಡವರು, ಬೆಂಗಳೂರು ಮೈಸೂರಿನವರು, ನಮಗೂ ಅವರಿಗೂ ಏನು ಸಂಬಂಧ ಎಂದು ಮಾಸ್ತರೊಬ್ಬರು ಮನಸ್ಸಿನಲ್ಲೇ ಕೇಳುತ್ತಿರುವುದು ನನಗೆ ಕಾಣುತ್ತಿದೆ. ನಮ್ಮ ಪಕ್ಕದ ಗದಗಿಗೂ ಬರುತ್ತೇನೆ, ಸ್ವಲ್ಪ ತಾಳಿ. ಅದಕ್ಕೂ ಮೊದಲು ಟೆನಿಸ್ಸಿನ ಹುಡುಗನ ಕಥೆ ಹೇಳಬೇಕು.

ಕೊಡಗಿನಲ್ಲಿ ಗಂಡುಮಕ್ಕಳ ಕೈಗೆ ಮೊದಲು ಬರುವುದು ಹಾಕಿ ಕೋಲು. ಕಾಫಿ ಬೆಳೆಗಾರರ ಮನೆಯ ರೋಹನ್ ಬೋಪಣ್ಣ ಕೂಡ ಹಾಕಿ, ಫುಟ್ಬಾಲ್ ಇಷ್ಟಪಟ್ಟು ಆಡುತ್ತಿದ್ದ ಹುಡುಗ. ಹನ್ನೊಂದನೇ ವಯಸ್ಸಿಗೆ ಕೈಗೆ ರ್ಯಾಕೆಟ್ ಬಂತು. ಮಗ ಒಬ್ಬನೇ ಆಡುವ ಆಟವೊಂದನ್ನು ಕಲಿಯಲಿ ಎಂಬುದು ತಂದೆಯ ಆಸೆ. ಗಮನಿಸಿ, ಮೊದಲ ಪ್ರೇರಣೆ ತಂದೆಯದು, ಹುಡುಗನದಲ್ಲ. ಅದರಲ್ಲಿ ಕೆಡುಕೇನಿಲ್ಲ. ಬೀಜವನ್ನು ಯಾರೋ ಬಿತ್ತಲೇಬೇಕು. ಮೊಳೆತ ಮೇಲೆ ದಿನಾ ಎಳೆದು ನೋಡಬಾರದು, ಅಷ್ಟೇ. ಟೆನಿಸ್ಸೇ ತನ್ನ ಮುಖ್ಯ ಗುರಿ ಎಂದು ಆ ಹುಡುಗನಿಗೆ ಗಟ್ಟಿಯಾದದ್ದು ಹತ್ತೊಂಬತ್ತರ ಹೊತ್ತಿಗೆ. ಅಂದರೆ ಹೈಸ್ಕೂಲು, ಪಿಯುಸಿ ಎಲ್ಲ ದಾಟಿದ ಮೇಲೆ. ನಾವು ಎಂಟನೇ ಇಯತ್ತೆಯ ಮಗುವನ್ನು ನಿಲ್ಲಿಸಿ ‘ನಿನ್ನ ಗುರಿ ಏನು, ಹೇಳು’ ಎಂದು ಕೇಳುತ್ತೇವೆ. ಅದು ನಮ್ಮ ಮುಖ ನೋಡಿ, ನಮಗೆ ಬೇಕಾದ ಉತ್ತರ ಹೇಳಿ ಪಾರಾಗುತ್ತದೆ.

ಆ ಹತ್ತೊಂಬತ್ತರ ಹುಡುಗನಿಗೆ ದೊಡ್ಡ ಫಲ ಸಿಕ್ಕಿದ್ದು ಯಾವಾಗ? 2017ರಲ್ಲಿ, ಮೂವತ್ತೇಳನೇ ವಯಸ್ಸಿನಲ್ಲಿ, ಕೆನಡಾದ ಗೇಬ್ರಿಯೆಲಾ ಡಬ್ರೌಸ್ಕಿ ಜೊತೆ ಫ್ರೆಂಚ್ ಓಪನ್ ಮಿಶ್ರ ಡಬಲ್ಸ್. ನಾಲ್ಕು ವರ್ಷದ ನಂತರ, 2021ರಲ್ಲಿ, ತಿಂಗಳುಗಟ್ಟಲೆ ಒಂದು ಪಂದ್ಯವನ್ನೂ ಗೆಲ್ಲದೆ, ಪೋರ್ಚುಗಲ್ಲಿನ ಕಡಲಿನ ಎದುರು ಕೂತು ಇನ್ನು ಬಿಟ್ಟುಬಿಡಲೇ ಎಂದು ಯೋಚಿಸಿದ್ದನ್ನು ಅವರೇ ಹೇಳಿಕೊಂಡಿದ್ದಾರೆ. ಮಂಡಿಯ ಮೃದ್ವಸ್ಥಿ ಸವೆದುಹೋಗಿತ್ತು. ಅಯ್ಯಂಗಾರ್ ಯೋಗದ ಬಲದಿಂದ ಆಟ ಮುಂದುವರಿಸಿದರು. 2024ರ ಜನವರಿ 27ರಂದು ಮ್ಯಾಥ್ಯೂ ಎಬ್ಡೆನ್ ಜೊತೆ ಆಸ್ಟ್ರೇಲಿಯನ್ ಓಪನ್ ಪುರುಷರ ಡಬಲ್ಸ್ ಗೆದ್ದರು. ಎರಡು ದಿನಕ್ಕೆ ಡಬಲ್ಸ್‌ನಲ್ಲಿ ಜಗತ್ತಿನ ಒಂದನೇ ಸ್ಥಾನ. ವಯಸ್ಸು ನಲವತ್ಮೂರು. ಅಷ್ಟು ವಯಸ್ಸಿನಲ್ಲಿ ಆ ಜಾಗಕ್ಕೆ ಮೊದಲ ಸಲ ಏರಿದವರು ಅದಕ್ಕೂ ಮುಂಚೆ ಯಾರೂ ಇರಲಿಲ್ಲ. ಆಟಕ್ಕೆ ವಿದಾಯ ಹೇಳಿದ್ದು 2025ರ ನವೆಂಬರ್ 1ರಂದು. ನಾವು ಬಾವುಟ ಹಾರಿಸಿ ಲಾಡು ತಿನ್ನುತ್ತಿದ್ದ ದಿನ.

ನನಗೆ ಈ ಗೆಲುವುಗಳಿಗಿಂತ ಇಷ್ಟವಾದದ್ದು 2010ರ ಸಂಗತಿ. ಆಗ ಅವರ ಜೊತೆಗಾರ ಪಾಕಿಸ್ತಾನದ ಐಸಾಮ್ ಉಲ್ ಹಕ್ ಖುರೇಷಿ. ಮುಂಬಯಿ ದಾಳಿಯಾಗಿ ಎರಡು ವರ್ಷವೂ ತುಂಬಿರಲಿಲ್ಲ. ಯುದ್ಧ ನಿಲ್ಲಿಸಿ, ಟೆನಿಸ್ ಶುರು ಮಾಡಿ ಎಂಬ ಅರ್ಥದ ಬರಹವಿದ್ದ ಉಡುಪು ಹಾಕಿಕೊಂಡು ಇಬ್ಬರೂ ಅಂಕಣಕ್ಕೆ ಬಂದರು. ಆ ವರ್ಷ ಅಮೆರಿಕನ್ ಓಪನ್ ಫೈನಲ್ಲಿನಲ್ಲಿ ಬ್ರಯಾನ್ ಸಹೋದರರ ಎದುರು ಸೋತರು. ಆದರೆ ವಿಶ್ವಸಂಸ್ಥೆಯಲ್ಲಿನ ಎರಡೂ ದೇಶಗಳ ರಾಯಭಾರಿಗಳು ಗ್ಯಾಲರಿಯಲ್ಲಿ ಅಕ್ಕಪಕ್ಕ ಕೂತು ಅವರಿಗೆ ಚಪ್ಪಾಳೆ ಹೊಡೆದರು. ಆ ವರ್ಷ ಇಬ್ಬರಿಗೂ ಸಿಕ್ಕಿದ್ದು ಆರ್ಥರ್ ಆ್ಯಶ್ ಹೆಸರಿನ ಮಾನವೀಯ ಪ್ರಶಸ್ತಿ. ಆ ಆ್ಯಶ್ ಕೂಡ ಟೆನಿಸ್ಸಿನವರೇ, 1975ರಲ್ಲಿ ವಿಂಬಲ್ಡನ್ ಗೆದ್ದ ಮೊದಲ ಕಪ್ಪು ಗಂಡಸು. ದಕ್ಷಿಣ ಆಫ್ರಿಕಾದ ವರ್ಣಭೇದದ ವಿರುದ್ಧ ಬೀದಿಗಿಳಿದು ಬಂಧನಕ್ಕೂ ಒಳಗಾದವರು, ಅಮೆರಿಕದ ಕಪ್ಪು ಆಟಗಾರರ ಇತಿಹಾಸವನ್ನು ಸಂಪುಟಗಟ್ಟಲೆ ಬರೆದವರು.

ಇನ್ನು ಪ್ರೇರಣೆಯ ಮಾತು. ನಮ್ಮ ಹೈಸ್ಕೂಲು ಮಕ್ಕಳು ಯಾಕೆ ಆಡುತ್ತಾರೆ? ನನ್ನ ನೌಕರಿಯಲ್ಲಿ ಈ ಪ್ರಶ್ನೆಗೆ ನೆಟ್ಟಗೆ ಉತ್ತರ ಸಿಕ್ಕಿದ್ದು ಕಡಿಮೆ. ಸಿಕ್ಕ ಉತ್ತರಗಳು ಮಾತ್ರ ಮರೆಯುವಂಥವಲ್ಲ. ಒಬ್ಬಳು, “ಬಯಲಾಗ ಇದ್ದಾಗ ಯಾರೂ ಕೆಲಸ ಹಚ್ಚೂದಿಲ್ರಿ” ಎಂದಿದ್ದಳು. ಒಬ್ಬನಿಗೆ ಬಸ್ಸಿನಲ್ಲಿ ಕೂತು ಬೇರೆ ಊರು ನೋಡುವುದೇ ಮುಖ್ಯ, ಪಂದ್ಯ ನೆಪ. ಇನ್ನೊಬ್ಬ ಟ್ರ್ಯಾಕ್ ಸೂಟಿನ ಆಸೆಗೆ ಬಂದ. ವಿಭಾಗಮಟ್ಟಕ್ಕೆ ಹೋದರೆ ಕೊಡುತ್ತಾರೆಂದು ಯಾರೋ ಹೇಳಿದ್ದರು. ಮನೆಯಲ್ಲಿ ಕುಡಿದು ಬರುವ ಅಪ್ಪ ಇದ್ದ ಹುಡುಗನೊಬ್ಬ ಕತ್ತಲಾದರೂ ಬಯಲು ಬಿಡುತ್ತಿರಲಿಲ್ಲ, ಅವನನ್ನು ಯಾಕೆ ಎಂದು ನಾನು ಕೇಳಲಿಲ್ಲ. ದೇಶಕ್ಕಾಗಿ ಆಡುತ್ತೇನೆ ಎಂದು ಭಾಷಣದ ಸ್ಪರ್ಧೆಯ ಹೊರಗೆ ಯಾರೂ ಹೇಳಿದ್ದು ನೆನಪಿಲ್ಲ. ಈ ಸಣ್ಣ ಸಣ್ಣ ಕಾರಣಗಳನ್ನು ನಾವು ಕೀಳಾಗಿ ಕಾಣಬಾರದು. ಒಲೆ ಹೊತ್ತುವುದು ಪುಳ್ಳೆಯಿಂದ, ದಪ್ಪ ಕಟ್ಟಿಗೆಯಿಂದಲ್ಲ.

ಹಾಗಾದರೆ ಬಹುಮಾನ? 1973ರಲ್ಲಿ ಅಮೆರಿಕದಲ್ಲಿ ಲೆಪ್ಪರ್, ಗ್ರೀನ್, ನಿಸ್ಬೆಟ್ ಎಂಬ ಮೂವರು ಮನಶ್ಶಾಸ್ತ್ರಜ್ಞರು ಶಿಶುವಿಹಾರದ ಮಕ್ಕಳ ಮೇಲೆ ಒಂದು ಪ್ರಯೋಗ ಮಾಡಿದರು. ಚಿತ್ರ ಬರೆಯುವುದೆಂದರೆ ತಾವಾಗಿಯೇ ಓಡಿ ಬರುವ ಮಕ್ಕಳನ್ನೇ ಆರಿಸಿಕೊಂಡರು. ಕೆಲವರಿಗೆ, ಚಿತ್ರ ಬರೆದರೆ ಚಿನ್ನದ ಬಣ್ಣದ ಮುದ್ರೆ, ಕೆಂಪು ರಿಬ್ಬನ್ ಇರುವ ‘ಒಳ್ಳೆಯ ಆಟಗಾರ’ ಎಂಬ ಪ್ರಮಾಣಪತ್ರ ಕೊಡುತ್ತೇವೆ ಎಂದು ಮೊದಲೇ ಹೇಳಿದರು. ಕೆಲವರಿಗೆ ಏನೂ ಹೇಳದೆ ಕೊನೆಗೆ ಕೊಟ್ಟರು. ಇನ್ನು ಕೆಲವರಿಗೆ ಹೇಳಲೂ ಇಲ್ಲ, ಕೊಡಲೂ ಇಲ್ಲ. ಒಂದೆರಡು ವಾರ ಕಳೆದು, ಬಹುಮಾನದ ಸುದ್ದಿ ಇಲ್ಲದೆ ಬಣ್ಣದ ಪೆನ್ನುಗಳನ್ನು ಸುಮ್ಮನೆ ಮಕ್ಕಳ ಮುಂದಿಟ್ಟರು. ಮೊದಲೇ ಆಸೆ ಹಚ್ಚಿಸಿಕೊಂಡಿದ್ದ ಮಕ್ಕಳು ಉಳಿದವರ ಅರ್ಧದಷ್ಟು ಹೊತ್ತು ಮಾತ್ರ ಚಿತ್ರ ಬರೆದವು. ಆಟವಾಗಿದ್ದದ್ದು ಕೂಲಿಯಾಗಿತ್ತು. ಬಹುಮಾನ ಕೊಡಬೇಡಿ ಎನ್ನುತ್ತಿಲ್ಲ, ಇವತ್ತೂ ಈ ಮೇಜಿನ ಮೇಲೆ ಹೊಳೆಯುವ ಕಪ್ಪುಗಳಿವೆ, ಪಡೆದ ಮಕ್ಕಳು ಕುಣಿದು ಮನೆಗೆ ಹೋಗಲಿ. ತಿಂಗಳುಗಟ್ಟಲೆ ಮೊದಲೇ ಅದನ್ನು ಮೂಗಿನ ಮುಂದೆ ತೂಗುಹಾಕಿ ಓಡಿಸಬೇಡಿ ಎನ್ನುತ್ತಿದ್ದೇನೆ.

ಗದಗಿಗೆ ಬಂದೆ. ಕೊಪ್ಪಳದಲ್ಲಿ ಹುಬ್ಬಳ್ಳಿ ಕಡೆಯ ರೈಲು ಹತ್ತಿದರೆ ನಡುವೆ ಗದಗ. ಅಲ್ಲಿಯ ಎಡಗೈ ಸ್ಪಿನ್ನರ್ ಸುನೀಲ ಜೋಶಿ ಶಾಲೆಯ ಹುಡುಗನಾಗಿದ್ದಾಗ ಬೆಳಗಿನ ಜಾವ ಎದ್ದು ಸುಮಾರು ಅರವತ್ತು ಕಿಲೋಮೀಟರ್ ದೂರದ ಹುಬ್ಬಳ್ಳಿಗೆ ಹೋಗಿ, ಬೌಲಿಂಗ್ ಅಭ್ಯಾಸ ಮಾಡಿ, ಶಾಲೆಯ ಹೊತ್ತಿಗೆ ಮರಳಿ ಗದಗಿಗೆ ಬರುತ್ತಿದ್ದರು. ಮರಳಿ ಶಾಲೆಗೆ ಎಂಬ ಮಾತನ್ನು ಕಿವಿಯಲ್ಲಿ ಇಟ್ಟುಕೊಳ್ಳಿ. ಅದೇ ಎಡಗೈ 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾದ ಎದುರು ಹತ್ತು ಓವರಿನಲ್ಲಿ ಆರು ಮೇಡನ್ ಮಾಡಿ, ಆರೇ ರನ್ ಕೊಟ್ಟು ಐದು ವಿಕೆಟ್ ಕಿತ್ತಿತು.

ವಿಜಯಪುರದ ರಾಜೇಶ್ವರಿ ಗಾಯಕವಾಡ ಶಾಲೆಯಲ್ಲಿ ಎಸೆಯುತ್ತಿದ್ದದ್ದು ಈಟಿ, ಆಡುತ್ತಿದ್ದದ್ದು ವಾಲಿಬಾಲ್. ಕ್ರಿಕೆಟ್ಟಿಗೆ ಬಂದದ್ದು ಆಮೇಲೆ. 2014ರಲ್ಲಿ ಭಾರತ ತಂಡ ಸೇರಿದ ವರ್ಷವೇ ತಂದೆ ತೀರಿಕೊಂಡರು, ಮನೆಯ ಭಾರ ಹೆಗಲಿಗೆ ಬಂತು. 2017ರ ವಿಶ್ವಕಪ್ಪಿನಲ್ಲಿ ನ್ಯೂಜಿಲೆಂಡ್ ಎದುರು ಹದಿನೈದು ರನ್ನಿಗೆ ಐದು ವಿಕೆಟ್ ತೆಗೆದರು. ಹದಿನೈದನೇ ವಯಸ್ಸಿನಲ್ಲಿ ಅವರನ್ನು ಯಾರಾದರೂ ‘ಈಟಿಯೇ ನಿನ್ನ ಗುರಿ, ಆಚೀಚೆ ನೋಡಬೇಡ’ ಎಂದು ಕೂಡಿಹಾಕಿದ್ದರೆ?

ಹೆಣ್ಣುಮಕ್ಕಳ ವಿಷಯ ಬಂದದ್ದರಿಂದ ತಾಯಂದಿರಿಗೆ ಒಂದು ಮಾತು. ಹೈಸ್ಕೂಲಿನಲ್ಲಿ ಜಿಲ್ಲೆಗೆ ಆಡಿ ಬಂದ ನಮ್ಮ ಹುಡುಗಿಯರನ್ನು ಎರಡು ವರ್ಷದ ನಂತರ ಬಯಲಿನಲ್ಲಿ ಹುಡುಕಿದರೆ ಸಿಗುವುದಿಲ್ಲ. ‘ಹತ್ತನೆತ್ತಾ ಐತ್ರಿ’ ಎಂಬುದು ಮೊದಲ ಬಾಗಿಲು, ಅದು ಮುಚ್ಚುತ್ತದೆ. ಪಿಯುಸಿಗೆ ದೂರದ ಬಸ್ಸು ಎರಡನೆಯದು. ಮೂರನೆಯದನ್ನು ನಾನು ಹೇಳುವುದು ಬೇಡ, ನಿಮಗೇ ಗೊತ್ತು. ಆಡಿದ ಹುಡುಗಿಗೆ ಚಿತ್ರ, ಹಾಡು, ಲೆಕ್ಕ, ಹೊಲಿಗೆ, ಇಂಥದ್ದೊಂದು ಇನ್ನೊಂದು ಕೈಯಲ್ಲಿ ಇದ್ದರೆ ಬಾಗಿಲು ಮುಚ್ಚಿದಾಗ ಕಿಟಕಿಯನ್ನಾದರೂ ತೆರೆದಾಳು. ಶಾಲೆಯಲ್ಲಿ ಕ್ರೀಡಾಕೂಟವೂ ಇದೆ, ಪ್ರತಿಭಾ ಕಾರಂಜಿಯೂ ಇದೆ. ಆದರೆ ಆಟದವರನ್ನು ಅದಕ್ಕೆ, ಹಾಡುವವರನ್ನು ಇದಕ್ಕೆ ಎಂದು ನಾವು ಮೊದಲೇ ಎರಡು ಸಾಲು ಮಾಡಿಬಿಡುತ್ತೇವೆ. ಎರಡೂ ಸಾಲಿನಲ್ಲಿ ನಿಲ್ಲುವ ಮಗುವಿಗೆ ‘ಎಲ್ಲದರಾಗೂ ಮೂಗು ತೂರಸ್ತಾಳ’ ಎಂಬ ಬಿರುದು.

ಈ ಮಾತನ್ನು ನಾನು ಕಿನ್ನಾಳದಲ್ಲಿ ನಿಂತು ಹೇಳುತ್ತಿರುವುದು ಆಕಸ್ಮಿಕವಲ್ಲ. ನಿಮ್ಮ ಚಿತ್ರಗಾರರ ಮನೆಗಳಲ್ಲಿ ನಾನು ಗಂಟೆಗಟ್ಟಲೆ ಕೂತಿದ್ದೇನೆ. ಹಗುರ ಮರವನ್ನು ಕೆತ್ತಿ ಗೊಂಬೆಯ ಅಂಗಗಳನ್ನು ಜೋಡಿಸುತ್ತೀರಿ. ಸೆಣಬಿನ ಚಿಂದಿಯನ್ನು ನೆನೆಸಿ, ಒಣಗಿಸಿ, ಪುಡಿ ಮಾಡಿ, ಮರದ ಹೊಟ್ಟು, ಹುಣಸೆಬೀಜದ ಸರಿ ಕಲಸಿ ಕಿಟ್ಟ ಮಾಡಿ ಮೈತುಂಬ ಬಳಿಯುತ್ತೀರಿ. ಅದರ ಮೇಲೆ ಅರಿವೆಯ ಚೂರು, ಅದರ ಮೇಲೆ ಕಲ್ಲಿನ ಪುಡಿಯ ಲೇಪ, ಆಮೇಲೆ ಬಣ್ಣ. ಕೊಳ್ಳುವವನು ನೋಡುವುದು ಬಣ್ಣವನ್ನು ಮಾತ್ರ. ಹಂಪಿಯ ಪಂಪಾಪತಿ ಗುಡಿಯ ಚಾವಣಿಯ ಚಿತ್ರಗಳು ನಿಮ್ಮ ಹಿರಿಯರ ಕೈಯವು ಎನ್ನುತ್ತಾರೆ. ಭಾನಾಪುರದಲ್ಲಿ ಈಗ ಗೊಂಬೆಗಳ ದೊಡ್ಡ ಕಾರ್ಖಾನೆಗಳ ವಲಯ ಎದ್ದಿದೆ. ಅಲ್ಲಿ ಅಚ್ಚಿನಿಂದ ಬೀಳುವ ಗೊಂಬೆಗೆ ಈ ಒಳಪದರಗಳು ಬೇಕಿಲ್ಲ. ಬೇಗ ಮಾಡಬೇಕಾದ ಗೊಂಬೆಗೆ ಅದು ಸರಿ. ಮಕ್ಕಳನ್ನೂ ಅದೇ ಅಚ್ಚಿನಲ್ಲಿ ಒತ್ತಲು ಹೊರಟಿದ್ದೇವೆ ಎಂಬುದು ನನ್ನ ತಕರಾರು.

ಇನ್ನು ಕೊನೆಯ ಪ್ರಶ್ನೆ. ಟೆನಿಸ್ ಎಂದರೆ ಶ್ರೀಮಂತರ ಆಟ, ಅಂಕಣ ಎಲ್ಲಿದೆ, ಕೋಚು ಎಲ್ಲಿದ್ದಾನೆ? ನಿಜ. ಧಾರವಾಡ, ಕಲಬುರಗಿಗಳಲ್ಲಿ 2023ರಲ್ಲಿ ಅಂತರರಾಷ್ಟ್ರೀಯ ಪಂದ್ಯಗಳು ನಡೆದವು, ಆದರೆ ಕಿನ್ನಾಳದಿಂದ ಎರಡೂ ದೂರ. ಅಂಕಣ ಕಟ್ಟಿಸಿ ಎಂದು ಸರಕಾರಕ್ಕೆ ಮನವಿ ಬರೆಯಬಹುದು, ಬರೆಯಿರಿ. ಉತ್ತರ ಬರುವಷ್ಟರಲ್ಲಿ ಈ ಮಕ್ಕಳಿಗೆ ಮಕ್ಕಳಾಗಿರುತ್ತವೆ. ಪ್ರಕಾಶ್ ಪಡುಕೋಣೆ ಬ್ಯಾಡ್ಮಿಂಟನ್ ಆಡಿ ಬೆಳೆದದ್ದು ಮಲ್ಲೇಶ್ವರದ ಕೆನರಾ ಯೂನಿಯನ್ನಿನ ಮದುವೆ ಹಾಲಿನಲ್ಲಿ. ಮದುವೆ ಇದ್ದ ದಿನ ಆಟವಿಲ್ಲ. ಆ ಹಾಲಿನಲ್ಲಿ ಪಳಗಿದ ಹುಡುಗ 1980ರಲ್ಲಿ ಆಲ್ ಇಂಗ್ಲೆಂಡ್ ಗೆದ್ದ. ಟೆನಿಸ್ಸಿಗೆ ಮದುವೆ ಹಾಲೂ ಬೇಡ, ಶುರುವಿಗೆ ಒಂದು ಗೋಡೆ ಸಾಕು. ಗೋಡೆಗೆ ಹೊಡೆದರೆ ಚೆಂಡು ತಾನೇ ಮರಳಿ ಬರುತ್ತದೆ. ಗೋಡೆಯಷ್ಟು ಬೇಸರಪಡದ ಜೊತೆಗಾರ ಇನ್ನೊಬ್ಬನಿಲ್ಲ. ಬಲೆಯ ಎತ್ತರಕ್ಕೆ ಒಂದು ಗೆರೆ ಎಳೆದಿರಬೇಕು, ಅಷ್ಟೇ.

ಬೆಳಿಗ್ಗೆ ಮುಖ್ಯೋಪಾಧ್ಯಾಯರ ಜೊತೆ ಹೋಗಿ ಈ ಶಾಲೆಯ ಹಿಂದಿನ ಗೋಡೆ ನೋಡಿ ಬಂದೆ. ಮೂವತ್ತು ಅಡಿಗೆ ಕಡಿಮೆಯಿಲ್ಲ, ಗಿಲಾಯಿ ಗಟ್ಟಿಯಿದೆ, ಎದುರಿನ ನೆಲ ಸಮ ಇದೆ. ನನ್ನ ಚೀಲದಲ್ಲಿ ಎರಡು ಹಳೆಯ ರ್ಯಾಕೆಟ್, ಒಂದು ಡಜನ್ ಚೆಂಡು ಇವೆ. ಬಿಟ್ಟು ಹೋಗುತ್ತೇನೆ. ಚಿತ್ರಗಾರ ಬಂಧುಗಳಲ್ಲಿ ನನ್ನ ಕೋರಿಕೆ ಒಂದೇ: ಬರುವ ಭಾನುವಾರ ಯಾರಾದರೂ ಕುಂಚ ಹಿಡಿದು ಬಂದು, ನೆಲದಿಂದ ಸರಿಯಾಗಿ ಮೂರು ಅಡಿ ಅಳೆದು, ಆ ಗೋಡೆಯ ಉದ್ದಕ್ಕೂ ಒಂದು ಬಿಳಿ ಗೆರೆ ಎಳೆಯಿರಿ. ಗೆರೆಯ ಮೇಲಿನ ಜಾಗದಲ್ಲಿ ಏನು ಬರೆಯಬೇಕೆಂಬುದನ್ನು ನಿನ್ನೆಯ ಆ ನಾಲ್ಕು ಹುಡುಗರನ್ನು ಕೇಳಿ. ಕುಂಚವನ್ನೂ ಅವರ ಕೈಗೇ ಕೊಡಿ.